ಒಂದಾಳಿನ ಮುಯ್ಯಿ

ರೋಹಿಣಿ ಮಳೆ ಒಂದು ಹನಿಯೂ ಹಾಕದೆ ಮುಗಿಯುತ್ತ ಬಂದಿತ್ತು. ಚಿತ್ತಾಪುರದಿಂದ ಸೇಡಂ ಕಡೆಗೆ ಹೋಗುವ ಗಾಡಿದಾರಿಯ ಎರಡೂ ಬದಿಯ ಕಪ್ಪು ಮಣ್ಣಿನ ಯರಿಹೊಲಗಳಲ್ಲಿ ಕುಂಟೆ ಹೊಡೆಯುವ ಎತ್ತುಗಳು ಬೆಳಗಿನ ತಂಪಿನಲ್ಲಷ್ಟೇ ನಡೆದು, ಹೊತ್ತು ಏರಿದ ಮೇಲೆ ಬೇವಿನ ನೆರಳಿಗೆ ಬಂದು ನಿಲ್ಲುತ್ತಿದ್ದವು. ಯರಹಾಳದ ಹಳ್ಳದ ದಂಡೆಯಲ್ಲಿದ್ದ ಜೋಡಿಗೆ ಮಾತ್ರ ಆ ಬಿಡುವೂ ಇರಲಿಲ್ಲ. ಅವು ಗಚ್ಚಿನ ಗಾಣಕ್ಕೆ ಹೂಡಿದ ಎತ್ತುಗಳು. ದುಂಡನೆಯ ಕಲ್ಲುದೋಣಿಯಲ್ಲಿ ಸುಣ್ಣ, ಉಸುಕು, ಬೆಲ್ಲದ ನೀರು ಸುರಿದಿದ್ದರು; ಕಲ್ಲಿನ ಗಾಲಿ ಅದರ ಮೇಲೆ ಕಿರ್ರೆಂದು ಉರುಳುತ್ತಿತ್ತು. ಗಚ್ಚು ಬೆಣ್ಣೆಯಂತಾಗುವವರೆಗೆ ಎತ್ತು ನಿಲ್ಲುವ ಹಾಗಿಲ್ಲ. ಹೆಣ್ಣಾಳುಗಳು ಬುಟ್ಟಿ ತುಂಬಿಕೊಂಡು, ತಲೆಯ ಸಿಂಬಿಯ ಮೇಲಿಟ್ಟು, ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಏರುತ್ತಿದ್ದರು.

ಹಲಗೆ ಏರಿದಲ್ಲಿ ಕಮಾನು. ಹಳ್ಳದ ಆಚೆ ದಂಡೆಯಿಂದ ಅರ್ಧ, ಈಚೆ ದಂಡೆಯಿಂದ ಅರ್ಧ, ಎರಡೂ ಬಾಗಿಕೊಂಡು ನಡುವಿಗೆ ಬರುತ್ತಿದ್ದವು. ಇನ್ನೂ ಕೂಡಿರಲಿಲ್ಲ. ಅವೆರಡನ್ನೂ ಹಳ್ಳದ ಉಸುಕಿನಲ್ಲಿ ನೆಟ್ಟ ದೊಡ್ಡ ಕಟ್ಟಿಗೆಯ ಚೌಕಟ್ಟು ಹೊತ್ತುಕೊಂಡಿತ್ತು. ನಡುವಿನ ಕೀಲಿಕಲ್ಲು ಕೂಡುವವರೆಗೆ ಕಮಾನು ಕಮಾನಲ್ಲ, ಕಟ್ಟಿಗೆಯ ಮೇಲೆ ಇಟ್ಟ ಕಲ್ಲು ಅಷ್ಟೆ. ಹಳ್ಳಕ್ಕೆ ನೀರು ಬಂದು ಚೌಕಟ್ಟು ಕಿತ್ತುಹೋದರೆ ಕಲ್ಲೂ ಅದರ ಹಿಂದೆ.

ಗುತ್ತೇದಾರನ ಕಾರಭಾರಿ ಮಡಿವಾಳಯ್ಯ ದಂಡೆಯ ಮೇಲೆ ನಿಂತು ಬಡಗಣ ದಿಕ್ಕನ್ನು ನೋಡುತ್ತಿದ್ದ. ಅವನಿಗೆ ಮೋಡ ನೋಡುವ ಚಟ ಹತ್ತಿತ್ತು. ಈ ಹಳ್ಳಕ್ಕೆ ಇಲ್ಲಿಯ ಮಳೆ ಬೇಕಾಗಿರಲಿಲ್ಲ. ಚಿಂಚೋಳಿ ಗುಡ್ಡದಲ್ಲಿ ಮಳೆಯಾದರೆ ಸಾಕು, ಇಲ್ಲಿ ಬಿಸಿಲು ಸುಡುತ್ತಿರುವಾಗಲೇ ಕೆಂಪು ನೀರು ದಂಡೆ ತುಂಬಿ ಬರುತ್ತಿತ್ತು.

ಹೋದ ಶ್ರಾವಣದಲ್ಲಿ ಹಾಗೇ ಬಂದಿತ್ತು. ಮಡಿವಾಳಯ್ಯನ ತಂಗಿ ಶಿವಕಾಂತಮ್ಮನನ್ನು ಆಚೆಯ ಯರಹಾಳಕ್ಕೆ ಕೊಟ್ಟಿದ್ದರು. ಹೆರಿಗೆ ಕಷ್ಟವಾಗಿ, ಗಂಡನ ಮನೆಯವರು ಅವಳನ್ನು ಹೊರಸಿನ ಮೇಲೆ ಮಲಗಿಸಿಕೊಂಡು ಹಳ್ಳದ ಆಚೆ ದಂಡೆಗೆ ಬಂದಿದ್ದರು. ಈಚೆ ದಂಡೆಯಲ್ಲಿ ಮಡಿವಾಳಯ್ಯ ಚಿತ್ತಾಪುರದ ಸೂಲಗಿತ್ತಿಯನ್ನು ಕರೆದುಕೊಂಡು ಬಂದು ನಿಂತಿದ್ದ. ಮುಖ ಕಾಣುತ್ತಿತ್ತು. ಕೂಗಿದ್ದು ಕೇಳುತ್ತಿರಲಿಲ್ಲ. ಸೂಲಗಿತ್ತಿ ಕೈ ಮಾಡಿ ಏನೇನೋ ತೋರಿಸಿದಳು. ಸಂಜೆಗೆ ಆಚೆಯವರು ಹೊರಸನ್ನು ಎತ್ತಿಕೊಂಡು ತಿರುಗಿ ಊರಿನ ಕಡೆ ನಡೆದದ್ದನ್ನು ನೋಡಿ ಅವನಿಗೆ ತಿಳಿಯಿತು. ಮಣ್ಣು ಕೊಡುವುದಕ್ಕೂ ನೀರು ಇಳಿಯುವವರೆಗೆ ಕಾಯಬೇಕಾಯಿತು.

ಈ ಹಳ್ಳಕ್ಕೆ ಕಮಾನು ಮಂಜೂರಾಗಿದೆ ಎಂದು ಕೇಳಿ ಅವನೇ ಗುತ್ತೇದಾರನ ಮನೆಯ ಪಡಸಾಲೆಯಲ್ಲಿ ಕುಳಿತು, ಬೇಡಿಕೊಂಡು, ಈ ಕೆಲಸ ಹಚ್ಚಿಸಿಕೊಂಡಿದ್ದ. ಇಂಜನೇರ ಸಾಹೇಬ ಮಾತ್ರ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದ. ಚೌಕಟ್ಟಿನ ತೊಲೆಗಳು ವಾಡಿಯ ರೈಲಿನವರಿಂದ ಕೇಳಿ ತಂದವು. ಮಳೆಗೆ ಮುಂಚೆ ಕಮಾನು ಕೂಡಬೇಕು. ಕೂಡದಿದ್ದರೆ ನೀರಿನ ಸುಳಿವು ಕಂಡ ಕೂಡಲೇ ತೊಲೆ ಬಿಚ್ಚಿ ದಂಡೆಗೆ ಹಾಕಬೇಕು, ಕಲ್ಲು ಬಿದ್ದರೆ ಬೀಳಲಿ. ಮುಂದಿನ ವರ್ಷ ಆ ತೊಲೆ ಬೇರೆ ದಾರಿಗೆ ಹೋಗುತ್ತದೆ. ಈ ಹಳ್ಳದ ಹೆಸರು ಮತ್ತೆ ಯಾರೂ ಎತ್ತುವುದಿಲ್ಲ.

ಕೆಲಸಕ್ಕೆ ಎರಡು ತಂಡಗಳಿದ್ದವು. ಶಹಾಬಾದದ ಖಂಡೆಪ್ಪನದು ಕಲ್ಲಿನ ತಂಡ. ಒಡೆಯುವುದು, ಕಡಿಯುವುದು, ಹೊರುವುದು ಅವರದು. ಸುಲೇಪೇಟದ ಬಂದೇಅಲಿಯದು ಗೌಂಡಿಗಳ ತಂಡ; ಕಟ್ಟುವುದು ಅವರದು. ಇಬ್ಬರೂ ನಡುವಯಸ್ಸು ದಾಟಿದವರು. ಎಷ್ಟೋ ವರ್ಷಗಳಿಂದ ಬಾವಿಯಾಗಲಿ, ಉಗ್ರಾಣವಾಗಲಿ, ಒಬ್ಬನಿದ್ದಲ್ಲಿ ಇನ್ನೊಬ್ಬ ಇರುತ್ತಿದ್ದ.

ಅವರ ನಡುವೆ ಹೊಲದವರಲ್ಲಿರುವಂಥದೇ ಮುಯ್ಯಿ ನಡೆದಿತ್ತು. ಗೌಂಡಿಗಳಿಗೆ ಕೈ ಕಡಿಮೆಯಾದ ದಿನ ಕಲ್ಲಿನವರು ಬಂದು ನಿಲ್ಲುವರು. ಕಲ್ಲಿನವರಿಗೆ ಎತ್ತಲಾರದ ಬಂಡೆ ಬಂದಾಗ ಗೌಂಡಿಗಳು ಕರಣಿ ಕೆಳಗಿಟ್ಟು ಹೋಗಿ ಹಗ್ಗ ಹಿಡಿಯುವರು. ಆಳಿಗೆ ಆಳು. ಯಾರದು ಎಷ್ಟು ಎಂಬುದು ಇಬ್ಬರ ಬಾಯಲ್ಲೇ ಇತ್ತು, ಮತ್ತು ಆ ಬಾಯಿಗಳು ಬೆಳಗಾದರೆ ಜಗಳಕ್ಕೆ ನಿಲ್ಲುತ್ತಿದ್ದವು.

"ಲೇ ಖಂಡ್ಯಾ, ಸುಲೇಪೇಟ ಬಾವ್ಯಾಗ ನನ್ನ ಆಳು ನಿನ್ನ ಕಲ್ಲು ಹೊತ್ತದ್ದು ಮರತೇನಲೇ?"

"ಹೊತ್ತದ್ದೇನು ಬಂತು ಉಸ್ತಾದ, ಬೇವಿನ ಗಿಡದ ಬುಡಕ ಕುಂತು ಬೀಡಿ ಸೇದಿದ್ದಕ್ಕೂ ಆಳು ಎಣಸ್ತಿ?"

"ಹಂಗಂದ್ರ ನಿನ್ನ ಮಂದಿ ನನ್ನ ಬುತ್ತ್ಯಾಗಿನ ರೊಟ್ಟಿ ತಿಂದದ್ದೂ ಎಣಸೂನು ತಗೋ. ನನಗೇ ಇನ್ನಾ ಎರಡು ಆಳು ಬರ್ತಾವ!"

"ನಿನ್ನ ರೊಟ್ಟಿಗಿ ಸುಣ್ಣದ ವಾಸನಿ. ಅದನ್ನ ತಿಂದದ್ದಕ್ಕ ನೀನೇ ಕೂಲಿ ಕೊಡಬೇಕು."

ಹೀಗೆ ಹೊತ್ತು ಮೂಡಿದಾಗಿನಿಂದ ಶುರುವಾದದ್ದು ಊಟದ ಹೊತ್ತಿನವರೆಗೂ ನಡೆಯುತ್ತಿತ್ತು. ಮಡಿವಾಳಯ್ಯ ಹೊಸಬ. ಈ ಇಬ್ಬರು ಒಂದು ದಿನ ಕೈ ಕೈ ಮಿಲಾಯಿಸಿ ಕೆಲಸ ಕೆಡಿಸುತ್ತಾರೆ, ತನ್ನ ಕಮಾನು ಅಲ್ಲಿಗೇ ನಿಲ್ಲುತ್ತದೆ ಎಂದು ಹೆದರಿದ. ಯುಗಾದಿ ಕಳೆದ ಮರುವಾರ ಇಬ್ಬರನ್ನೂ ಬೇವಿನ ಬುಡಕ್ಕೆ ಕರೆದು ಕೂಡಿಸಿದ. ಕೇಳಿ ಕೇಳಿ ಲೆಕ್ಕ ಕೂಡಿಸಿ ಕಳೆದಾಗ ಕೊನೆಗೆ ಉಳಿದದ್ದು ಒಂದೇ ಆಳು. ಬಂದೇಅಲಿಯಿಂದ ಖಂಡೆಪ್ಪನಿಗೆ ಬರಬೇಕಾದದ್ದು.

"ಇಷ್ಟಕ್ಕ ಇಷ್ಟು ಜಗಳೇನು? ನಾಳಿ ಒಬ್ಬ ಗೌಂಡಿ ಕಲ್ಲಿನ ಕಡಿ ಹೋಗಲಿ. ಮುಗೀತು," ಎಂದ ಮಡಿವಾಳಯ್ಯ.

ಬಂದೇಅಲಿ ಗಡ್ಡ ಕೆರೆದುಕೊಂಡ. "ಅಯ್ಯನೋರ, ಅದು ಇರ್ಲಿ ಬಿಡ್ರಿ."

"ಯಾಕಿರಬೇಕು?"

"ಯಾಕಂದ್ರ... ಅದು ಹಂಗೇ ಇರ್ತದರಿ."

ಖಂಡೆಪ್ಪನೂ ನೆಲ ನೋಡುತ್ತ, "ಒಂದಕ್ಕೇನು ಅವಸರ ಇಲ್ಲರಿ," ಎಂದ.

ಮಡಿವಾಳಯ್ಯನಿಗೆ ಅದು ಮೊಂಡುತನವಾಗಿ ಕಂಡಿತು. ಮಾರನೆಯ ದಿನ ತಾನೇ ಒಬ್ಬ ಗೌಂಡಿಯ ತೋಳು ಹಿಡಿದು ಕಲ್ಲಿನ ರಾಶಿಗೆ ಕಳಿಸಿದ. ಸಂಜೆ ಇಬ್ಬರನ್ನೂ ಎದುರಿಗೆ ನಿಲ್ಲಿಸಿ, "ಇವತ್ತಿಗಿ ಎಲ್ಲಾ ಹರೀತು. ಇನ್ನ ಮ್ಯಾಲ ಯಾರದೂ ಯಾರ ಮ್ಯಾಲೂ ಏನೂ ಇಲ್ಲ. ಅವರವರ ಕೆಲಸ ಅವರವರಿಗಿ," ಎಂದು ಹೇಳಿದ.

ಇಬ್ಬರೂ "ಆಯ್ತರಿ" ಎಂದರು.

ಮಾರನೆಯ ಬೆಳಿಗ್ಗೆಯಿಂದ ಜಗಳ ನಿಂತಿತು. ಮಡಿವಾಳಯ್ಯ ಅದನ್ನು ಶಾಂತಿ ಎಂದು ತಿಳಿದ.

ಶಾಂತಿಯಲ್ಲ ಎಂದು ತಿಳಿಯಲು ಅವನಿಗೆ ಬಹಳ ದಿನ ಹಿಡಿಯಿತು. ಮೊದಲು ಅವನ ಕಿವಿಗೆ ಬಿದ್ದದ್ದು ಬಹುವಚನ. ಲೇ ಖಂಡ್ಯಾ ಎನ್ನುತ್ತಿದ್ದ ಬಂದೇಅಲಿ ಈಗ "ಖಂಡೆಪ್ಪನವರಿಗಿ ಹೇಳ್ರಿ, ಕಲ್ಲು ಒಂದು ಬಟ್ಟು ದಪ್ಪ ಆಗ್ಯಾದ," ಎಂದು ಇವನಿಗೆ ಹೇಳುತ್ತಿದ್ದ. ಇವನು ದಂಡೆಗೆ ಇಳಿದು ಹೋಗಿ ಹೇಳಿದರೆ ಖಂಡೆಪ್ಪ, "ಉಸ್ತಾದರು ಕೊಟ್ಟ ದಾರದ ಅಳತಿಗೇ ಕಡದೀವಿ, ಅಂತ ಹೇಳ್ರಿ," ಎನ್ನುತ್ತಿದ್ದ. ಮೊದಲು ಹೀಗಿರಲಿಲ್ಲ. ಕಮಾನಿನ ಕಲ್ಲು ಒಂದರಂತೆ ಒಂದು ಇರುವುದಿಲ್ಲ. ಎಷ್ಟೇ ಅಳೆದು ಕಡಿದರೂ ಕೂಡಿಸುವ ಜಾಗದಲ್ಲಿ ಚೂರು ಕೆತ್ತಲೇಬೇಕು. ಅದಕ್ಕೆ ಖಂಡೆಪ್ಪ ಉಳಿ ಸುತ್ತಿಗೆ ಹಿಡಿದು ಚೌಕಟ್ಟಿನ ಮೇಲೆ, ಬಂದೇಅಲಿಯ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಳಿತಿರುತ್ತಿದ್ದ. ಬೈಯುತ್ತ ಬೈಯುತ್ತಲೇ ಕಲ್ಲು ಕೂಡುತ್ತಿತ್ತು. ಈಗ ಅವನು ಹಲಗೆ ಏರುವುದನ್ನೇ ಬಿಟ್ಟ. ಕಲ್ಲು ದಂಡೆಯಲ್ಲಿ ಕಡಿಯುವುದು, ತಂದು ಹಲಗೆಯ ಬುಡದಲ್ಲಿ ಇಡುವುದು, ಹೋಗುವುದು. ಕೂಡದ ಕಲ್ಲನ್ನು ಗೌಂಡಿಗಳು ತಿರುಗಿ ಇಳಿಸುವರು. ನಡುವೆ ಮಡಿವಾಳಯ್ಯ ಓಡಾಡುವನು. ಯಾರೂ ತಪ್ಪು ಮಾಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ನೆಟ್ಟಗೆ ಮಾಡುತ್ತಿದ್ದರು. ಕಮಾನು ಮಾತ್ರ ಏರುತ್ತಿರಲಿಲ್ಲ.

ಮಡಿವಾಳಯ್ಯ ಮೋಡ ನೋಡುತ್ತ ನಿಂತಿದ್ದ ಆ ದಿನ ಮಧ್ಯಾಹ್ನ ಸುಲೇಪೇಟದ ಕಡೆಯಿಂದ ಉಪ್ಪಿನ ಗಾಡಿಯೊಂದು ಬಂತು. ಗಾಡಿಯ ಮೇಲಿನ ಮಶಾಕನೆಂಬ ಮುದುಕ ಎತ್ತಿಗೆ ನೀರು ಕುಡಿಸಲು ನಿಲ್ಲಿಸಿ, ಕಮಾನಿನ ಬಾಯನ್ನು ನೋಡಿ ನಾಲಿಗೆ ಲೊಚಗುಟ್ಟಿದ.

"ಇನ್ನಾ ಕೂಡಿಲ್ಲೇನ್ರಿ ಅಯ್ಯನೋರ? ನಿನ್ನಿ ಸಂಜೀಕ ಚಿಂಚೋಳಿ ಗುಡ್ಡದ ಮ್ಯಾಲ ಮಿಂಚು ಹೊಡದದ್ದು ನೋಡಿದ್ರ ಎದಿ ಝಲ್ಲಂತು. ಮಳಿ ಇನ್ನಾ ಬಿದ್ದಿಲ್ಲ. ಇವತ್ತಲ್ಲ ನಾಳಿ ಬೀಳತದ."

ಮಡಿವಾಳಯ್ಯ ಚೌಕಟ್ಟಿನ ಕಡೆ ತಿರುಗಿದ. ಈಗ ತೊಲೆ ಬಿಚ್ಚಿಸಬೇಕು. ಇಂಜನೇರ ಸಾಹೇಬನ ಹುಕುಮ್ ಅದೇ. ಬಿಚ್ಚಿದರೆ ನೌಕರಿ ಉಳಿಯುತ್ತದೆ, ಕಮಾನು ಅವನ ಕಣ್ಣ ಮುಂದೇ ಉರುಳುತ್ತದೆ. ಅವನು ಹಲಗೆ ಏರಿ ಬಂದೇಅಲಿಯ ಹತ್ತಿರ ಹೋದ. ಉಳಿದದ್ದು ನಡುವಿನ ಕೆಲವು ಸಾಲು ಮತ್ತು ಕೀಲಿಕಲ್ಲು.

"ಉಸ್ತಾದ, ನಾಳಿ ಮುಗೀತದೇನು?"

"ಹ್ಯಾಂಗ ಮುಗೀತದರಿ? ನನ್ನ ಇಬ್ಬರು ಗೌಂಡಿಗೋಳಿಗಿ ಥಂಡಿಜ್ವರ, ಹೊದ್ದು ಮಲಗ್ಯಾರ. ಎತ್ತಲಿಕ್ಕ ಕೈ ಇಲ್ಲ. ಕೆತ್ತಲಿಕ್ಕ ಉಳಿ ಇಲ್ಲ."

"ಖಂಡೆಪ್ಪಗ ಒಂದು ಮಾತು ಕೇಳು."

ಬಂದೇಅಲಿ ಕರಣಿಯನ್ನು ಗಚ್ಚಿನ ಬುಟ್ಟಿಯಲ್ಲಿ ಊರಿದ. "ಯಾವ ಬಾಯಿಲೆ ಕೇಳ್ಳಿ? ನನ್ನದು ಅವನ ಮ್ಯಾಲ ಏನೂ ಇಲ್ಲ. ಇಲ್ದೇ ಕೇಳಿದ್ರ ಅದಕ್ಕ ಭಿಕ್ಷಾ ಅಂತಾರ, ಅಯ್ಯನೋರ."

ಮಡಿವಾಳಯ್ಯ ಕೆಳಗಿಳಿದು ಕಲ್ಲಿನ ರಾಶಿಗೆ ಓಡಿದ. ಖಂಡೆಪ್ಪ ಕಲ್ಲಿನ ಧೂಳಿನಲ್ಲಿ ಹುಬ್ಬು ಬೆಳ್ಳಗೆ ಮಾಡಿಕೊಂಡು ಕುಳಿತಿದ್ದ. ಅವನ ಹೆಂಡತಿ ಭಾಗಮ್ಮ ಒಲೆಯ ಮುಂದೆ ಪುಂಡಿಪಲ್ಯ ಕಲಕುತ್ತಿದ್ದಳು.

"ಖಂಡೆಪ್ಪಾ, ನಿನ್ನ ಮಂದಿನ ಮ್ಯಾಲ ಕಳಸು. ಎರಡು ಕೂಲಿ ಕೊಡಸ್ತೀನಿ."

ಖಂಡೆಪ್ಪ ತಲೆ ಎತ್ತಿದ. ಅವನ ಮುಖ ಕಪ್ಪಿಟ್ಟಿತು. "ಉಸ್ತಾದನ ಕೈಯಾಗ ನನ್ನ ಮಂದಿ ಕೂಲಿ ಹೋಗಬೇಕೇನ್ರಿ? ಹೆಗಲಿಗಿ ಹೆಗಲು ಕೊಟ್ಟವರು ನಾವು."

"ಅಂದ್ರ ಹಂಗೇ ಹೋಗು!"

"ಹಂಗೇ ಹ್ಯಾಂಗ ಹೋಗ್ಲಿ? ಯಾರದೂ ಯಾರ ಮ್ಯಾಲೂ ಏನೂ ಇಲ್ಲಂತ ನೀವೇ ಅಂದ್ರಿ."

"ನೀರು ಬರ್ತದೋ! ನೀ ಕಡದ ಕಲ್ಲೇ ಬೀಳ್ತಾವ, ನಿನ್ನ ಮಂದಿದೇ ಬೆವರು! ಹೊಳ್ಯಾಗ ಹೋಗ್ಲಂತೀ? ಪೊಲೀಸ್ ಪಾಟೀಲಗ ಹೇಳಿ ನಿಮ್ಮನ್ನೆಲ್ಲಾ..."

ಮಾತು ಮುಗಿಯುವುದರೊಳಗೆ ಖಂಡೆಪ್ಪ ಎದ್ದು ಉಳಿಗಳನ್ನು ಒಂದೊಂದಾಗಿ ಗೋಣಿಯಲ್ಲಿ ಸುತ್ತತೊಡಗಿದ. ಅವನ ಹಿಂದಿನವರೂ ಎದ್ದರು. ಮಡಿವಾಳಯ್ಯ ಕೈ ಮುಗಿದ. ತಾನು ಕೈ ಮುಗಿದದ್ದು ಅವನಿಗೇ ತಿಳಿಯಲಿಲ್ಲ. ತಾವು ಕೈ ಮುಗಿಯಬೇಕಾದ ಜಂಗಮನೇ ಕೈ ಮುಗಿದದ್ದನ್ನು ನೋಡಿ ಅವರು ಗಾಬರಿಯಾಗಿ ಮುಖ ತಿರುಗಿಸಿದರು. ಹೋಗಲಿಲ್ಲ, ಕೆಲಸಕ್ಕೂ ಬರಲಿಲ್ಲ.

ಇಳಿಬಿಸಿಲಿನಲ್ಲಿ ಅವನು ಕಲ್ಲಿನ ಮೇಲೆ ಕುಸಿದು ಕುಳಿತಿದ್ದಾಗ ಭಾಗಮ್ಮ ಒಂದು ತಂಬಿಗೆ ನೀರು ತಂದು ಕೆಳಗಿಟ್ಟಳು.

"ಕುಡೀರಿ. ಹಳ್ಳದ ವರತಿ ನೀರು, ನಮ್ಮ ಗಡಿಗಿದಲ್ಲ."

ಅವನು ಕುಡಿದ.

"ಅಯ್ಯನೋರ, ನಿಮಗ ಬೈಬೇಕಂತ ಭಾಳ ದಿನ ಆಯ್ತು. ಬೈಲೇನ್ರಿ?"

"ಬೈ ತಾಯಿ."

"ಮುಯ್ಯಿ ಅನ್ನೋದು ಪೂರಾ ತೀರಸಬಾರದು. ಒಂದಾಳು ಉಳಸಬೇಕು. ಒಂದಾಳು ಉಳಿದ್ರ ಮತ್ತ ಮುಖಾ ನೋಡಬೇಕಾಗ್ತದ. ಪೂರಾ ತೀರಸೋದು ಯಾವಾಗರಿ? ಇನ್ನ ನಿನ್ನ ಬಾಗಲಿಗಿ ಕಾಲಿಡಂಗಿಲ್ಲಪ್ಪಾ ಅಂತ ಅಂದಾಗ. ಅಣ್ತಮ್ಮರು ಬ್ಯಾರಿ ಆಗೋ ದಿನ ತೀರಸ್ತಾರ. ನೀವು ನಗನಗ್ತ ಕುಂದ್ರಿಸಿ ನಮ್ಮನ್ನ ಬ್ಯಾರಿ ಮಾಡಿದ್ರಿ. ಇಬ್ಬರೂ ಆ ರಾತ್ರಿ ಉಂಡಿಲ್ಲ, ಗೊತ್ತದೇನು?"

"ಯಾಕ ಹೇಳಲಿಲ್ಲ ನನಗ?"

"ಹೇಳೋದೇನದರಿ ಅದರಾಗ? ಹೊಲಾ ಮನಿ ಇದ್ದವರು, ನಿಮಗ ಗೊತ್ತಿರಲಿಕ್ಕಿಲ್ಲಂತ ಯಾರು ಅಂದ್ಕೋತಾರ?"

ಮಡಿವಾಳಯ್ಯನದು ಮಠದ ಮನೆತನ. ಹೊಲ ಪಾಲಿಗೆ ಕೊಟ್ಟವರು. ಅವರ ಮನೆಗೆ ಭಕ್ತರು ನೀಡುವ ಕಂತೆಭಿಕ್ಷೆಯ ಜೋಳ ಬರುತ್ತಿತ್ತು, ಮುಯ್ಯಿ ಬರುತ್ತಿರಲಿಲ್ಲ.

"ಈಗೇನು ಮಾಡಬೇಕು?" ಎಂದು ಕೇಳಿದ.

"ಮುಯ್ಯಿ ಕೇಳಿ ಬರೋದಲ್ಲರಿ. ಯಾರೋ ಒಬ್ಬರು ಹೋಗಿ ನಿಂದ್ರಬೇಕು. ಇಂವ ಅವ ಬರ್ಲಿ ಅಂತಾನ, ಅವ ಇಂವ ಬರ್ಲಿ ಅಂತಾನ. ಗಂಡಸರ ಹಣೆಬರಹ." ಅವಳು ತಂಬಿಗೆ ಎತ್ತಿಕೊಂಡು ಹೋದಳು.

ಆ ಸಂಜೆ ಬಡಗಣ ಅಂಚು ಮಸಿ ಬಳಿದಂತೆ ಕಪ್ಪಾಗಿತ್ತು. ಗುಡುಗು ಕೇಳಲಿಲ್ಲ; ಬರೀ ಮಿಂಚು, ದೂರದ ಮನೆಯಲ್ಲಿ ಯಾರೋ ದೀಪ ಎತ್ತಿ ಎತ್ತಿ ಇಳಿಸಿದ ಹಾಗೆ. ತೊಲೆ ಬಿಚ್ಚಿಸುವ ಮಾತನ್ನು ಮಡಿವಾಳಯ್ಯ ಆಡಲಿಲ್ಲ.

ಬೆಳಕು ಹರಿಯುತ್ತಲೇ ಅವನು ಬಂದೇಅಲಿಯ ಗುಡಿಸಲ ಮುಂದೆ ನಿಂತಿದ್ದ. ಬಂದೇಅಲಿ ನಮಾಜು ಮುಗಿಸಿ ಚಾಪೆ ಮಡಿಚುತ್ತಿದ್ದ.

"ಉಸ್ತಾದ, ನನ್ನನ್ನ ನಿನ್ನ ತಂಡದಾಗ ಹಾಕ್ಕೋ."

"ಏನಂದ್ರಿ?"

"ನಿನ್ನ ಆಳು ಅಂತ ನಾ ಹೋಗಿ ಖಂಡೆಪ್ಪನ ಕಲ್ಲು ಹೊರತೀನಿ. ನಿನಗ ಕಳಸಲಿಕ್ಕ ಮಂದಿಲ್ಲ. ನಾ ಇದ್ದೀನಿ."

ಬಂದೇಅಲಿ ನಕ್ಕ. ನಗು ಬಹಳ ಹೊತ್ತು ನಿಲ್ಲಲಿಲ್ಲ. "ತೋಬಾ ತೋಬಾ. ಮೈಮ್ಯಾಲ ಲಿಂಗ, ಬಿಳಿ ಅಂಗಿ. ಆ ಹೆಗಲು ನೋಡ್ರಿ, ಬೆಣ್ಣಿ ಮುದ್ದಿ. ಒಂದು ಕಲ್ಲಿಗೇ ಕಳಚಿ ಬೀಳತದ. ಕಲ್ಲು ಹೊರೋ ಮಂದಿ ಕೂಡ ಅಯ್ಯನೋರು ಬೊಂಬಿಗಿ ಹೆಗಲು ಕೊಟ್ರಂತ ನಿಮ್ಮ ಊರಾಗ ತಿಳದ್ರ ನಿಮಗ ನೀರು ಕೊಡೋರು ಯಾರು?"

"ನನಗ ನೀರು ಬ್ಯಾಡ. ಹೋದ ವರ್ಷ ನೋಡೇನಿ ನೀರು." ಮಡಿವಾಳಯ್ಯ ಹಳ್ಳದ ಕಡೆ ಕೈ ಮಾಡಿದ. "ಹೌದನ್ನು, ಇಲ್ಲನ್ನು. ಹೊತ್ತಾಗ್ಲಿಕತ್ತದ."

ಬಂದೇಅಲಿ ಗುಡಿಸಲ ಗೂಟಕ್ಕೆ ತೂಗಿದ್ದ, ಸುಣ್ಣ ಹತ್ತಿ ಹತ್ತಿ ತೊಗಲಿನಂತಾದ ತನ್ನ ತಲೆವಸ್ತ್ರವನ್ನು ತೆಗೆದು, ಅವನ ಹೆಗಲ ಮೇಲೆ ಹಾಕಿದ. "ಮಡಿಚಿ ಇಟ್ಕೋರಿ. ಬೊಂಬು ಒತ್ತತದ," ಎಂದಷ್ಟೇ ಹೇಳಿದ.

ಕಲ್ಲಿನ ರಾಶಿಯ ಹತ್ತಿರ ಅಂಗಿ ಕಳಚಿಟ್ಟು, ಬರಿಮೈಯಲ್ಲಿ ಬಂದು ನಿಂತ ಕಾರಭಾರಿಯನ್ನು ನೋಡಿ ಮಂದಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ಖಂಡೆಪ್ಪನ ಕಣ್ಣು ಹೆಗಲ ಮೇಲಿನ ವಸ್ತ್ರಕ್ಕೆ ಹೋಯಿತು. ಅದು ಯಾರದು ಎಂದು ಕೇಳಬೇಕಾಗಿರಲಿಲ್ಲ.

"ಯಾರ ಆಳು?" ಎಂದ, ಆದರೂ.

"ಬಂದೇಅಲಿ ಉಸ್ತಾದನ ಆಳು."

"ಆಳಂದ್ರ ಆಳು. ಕಾರಭಾರಿಕಿ ನಡೆಂಗಿಲ್ಲ."

"ನಡಸಂಗಿಲ್ಲ."

ಖಂಡೆಪ್ಪ ಕಲ್ಲು ತೂಗುಹಾಕುವ ಬೊಂಬಿನ ಒಂದು ತುದಿಯನ್ನು ಅವನ ಕಡೆ ತಳ್ಳಿದ. ಇನ್ನೊಂದು ತುದಿಗೆ ಬೇರೆಯವರನ್ನು ಕರೆಯದೆ ತಾನೇ ಹೆಗಲು ಕೊಟ್ಟ.

ಮೊದಲ ಕಲ್ಲಿಗೆ ಮಡಿವಾಳಯ್ಯನ ಮೊಣಕಾಲು ಮಡಚಿತು. ಎರಡನೆಯದಕ್ಕೆ ಹೆಗಲ ತೊಗಲು ಸುಲಿಯಿತು. ಆಮೇಲೆ ಎಷ್ಟು ಎಂದು ಅವನು ನೋಡಲಿಲ್ಲ. ಮುಂದಿನ ಬೆನ್ನು, ಅದರ ಮೇಲೆ ಇಳಿಯುವ ಬೆವರು, ಹಗ್ಗದಲ್ಲಿ ತೂಗುವ ಕಲ್ಲು, ಕಾಲ ಕೆಳಗಿನ ಜಲ್ಲಿ. ಎಡವಿದರೆ ಹಿಂದಿನ ಹೆಣ್ಣಾಳುಗಳು ಉಸಿರು ಹಿಡಿಯುವುದು ಕೇಳುತ್ತಿತ್ತು. ಒಬ್ಬಳು ನಕ್ಕಳು, "ಅಯ್ಯನೋರ ಹೆಜ್ಜಿ ನೋಡ್ರೇ, ಬಸುರಿ ಎಮ್ಮಿ ನಡದಂಗದ," ಎಂದಳು. ಭಾಗಮ್ಮ ಅವಳನ್ನು ಗದರಿಸಿ ತಾನೂ ನಕ್ಕಳು. ಊಟದ ಹೊತ್ತಿಗೆ ಅವನ ಹೆಗಲ ವಸ್ತ್ರದ ಸುಣ್ಣ ಕೆಂಪಾಗಿತ್ತು. ಸುಣ್ಣ ಹಸಿ ಗಾಯಕ್ಕೆ ಇಳಿದು ಕಣ್ಣಲ್ಲಿ ನೀರು ತರುತ್ತಿತ್ತು. ಅವನು ಬೊಂಬು ಇಳಿಸಲಿಲ್ಲ.

ಖಂಡೆಪ್ಪನೇ ಇಳಿಸಿದ. ಬೊಂಬನ್ನು ನೆಲಕ್ಕಿಟ್ಟು, ನೆಟ್ಟಗೆ ನಿಂತು, ಕಮಾನಿನ ಮೇಲಿದ್ದ ಬಂದೇಅಲಿಯನ್ನು ನೋಡಿದ. ಆಮೇಲೆ ಗೋಣಿ ಬಿಚ್ಚಿ ಉಳಿ ಸುತ್ತಿಗೆ ತೆಗೆದುಕೊಂಡು ಹಲಗೆಯ ಮೇಲೆ ಕಾಲಿಟ್ಟ.

ಮೇಲಿನಿಂದ ದನಿ ಬಂತು.

"ಲೇ ಖಂಡ್ಯಾ! ಈಗ ಬಂದೇನಲೇ, ನಿನ್ನ ಮದಿವಿಗಿ ಬಂದಂಗ? ಈ ಕಲ್ಲು ಕಡದದ್ದು ಉಳಿಲೇನೋ ಹಲ್ಲಿಲೇನೋ?"

"ಸರಿ ಆ ಕಡಿ, ಸುಣ್ಣದ ಮುದಕಾ. ಕಲ್ಲು ನೆಟ್ಟಗದ, ನಿನ್ನ ಕಣ್ಣು ಸೊಟ್ಟ ಅವ."

ದಂಡೆಯ ಮೇಲೆ ಮಂದಿ ಒಮ್ಮೆಗೇ ಉಸಿರು ಬಿಟ್ಟರು. ಮಡಿವಾಳಯ್ಯ ಕಲ್ಲಿಗೆ ಒರಗಿ ಕುಳಿತು, ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿಸಲು ವೇಳೆ ಇರಲಿಲ್ಲ. ಖಂಡೆಪ್ಪನ ಹಿಂದೆ ಅವನ ಮಂದಿಯೆಲ್ಲ ಹಗ್ಗ, ಹಾರೆ ಹಿಡಿದು ಏರುತ್ತಿದ್ದರು. ಅವನೂ ಎದ್ದು ಬೊಂಬು ಹಿಡಿದ.

ಹೊತ್ತು ಇಳಿಯತೊಡಗಿದಾಗ ಗಾಣದ ಎತ್ತುಗಳು ತಾವಾಗಿ ನಿಂತವು. ಹೊಡೆದರೂ ಮುಂದೆ ಹೋಗಲಿಲ್ಲ, ಕಿವಿ ನಿಗುರಿಸಿ ಬಡಗಣಕ್ಕೆ ನೋಡಿದವು. ಹಳ್ಳದ ಒಣ ಉಸುಕಿನ ಮೇಲೆ ಮೊದಲು ಒಂದು ನೊರೆಯ ನಾಲಿಗೆ ಬಂತು. ಕಸ, ಜಾಲಿಮುಳ್ಳು, ಒಂದು ಹರಿದ ಬುಟ್ಟಿ. ಚೌಕಟ್ಟಿನ ಕಾಲುಗಳನ್ನು ಸುತ್ತಿಕೊಂಡು ಮುಂದೆ ಹೋಯಿತು.

"ನೀರು!" ಎಂದು ಯಾರೋ ಕೂಗಿದರು.

ತೊಲೆ ಬಿಚ್ಚುವುದಾದರೆ ಅದೇ ಕೊನೆಯ ಗಳಿಗೆ. ಎಲ್ಲರೂ ಮಡಿವಾಳಯ್ಯನ ಕಡೆ ನೋಡಿದರು. ಅವನು ಕೀಲಿಕಲ್ಲಿನ ಹಗ್ಗ ಹಿಡಿದು ನಿಂತಿದ್ದ.

"ಎತ್ರಿ," ಎಂದ.

ಎತ್ತಿದರು. ಗೌಂಡಿಗಳು, ಕಲ್ಲಿನವರು, ಜ್ವರದಲ್ಲಿ ಮಲಗಿದ್ದ ಇಬ್ಬರೂ ಕಂಬಳಿ ಹೊದ್ದುಕೊಂಡೇ ಬಂದು ಹಗ್ಗ ಹಿಡಿದರು. ಕಲ್ಲು ಸಂದಿನ ಮೇಲೆ ಬಂದು ತೂಗಿತು, ಕೂಡಲಿಲ್ಲ. ಖಂಡೆಪ್ಪ ಹೊಟ್ಟೆಯ ಮೇಲೆ ಮಲಗಿ ಕೆತ್ತಿದ. ಮತ್ತೆ ಇಳಿಸಿದರು, ಮತ್ತೆ ಕೂಡಲಿಲ್ಲ. ಕೆಳಗೆ ನೀರು ಈಗ ನೊರೆಯಾಗಿರಲಿಲ್ಲ, ಕೆಂಪು ಗೋಡೆಯಾಗಿತ್ತು. ಚೌಕಟ್ಟು ನರಳಿತು. ಮೂಲೆಯ ತೊಲೆಯೊಂದು ಕಿತ್ತು ಹೋದದ್ದು ಕಾಲಡಿಯಲ್ಲೇ ತಿಳಿಯಿತು.

"ಎಲ್ಲರೂ ಇಳೀರಿ!" ಎಂದು ಬಂದೇಅಲಿ ಕೂಗಿದ. ಹೆಣ್ಣಾಳುಗಳು ಇಳಿದರು, ಹಗ್ಗದವರು ದಂಡೆಗೆ ಸರಿದು ಅಲ್ಲಿಂದಲೇ ಬಿಗಿ ಹಿಡಿದರು. ಮೇಲೆ ಇಬ್ಬರೇ ಉಳಿದರು, ಮೊಣಕಾಲಿಗೆ ಮೊಣಕಾಲು.

"ಇನ್ನೊಂದು ಏಟು ಖಂಡ್ಯಾ."

"ಹೊಡದೆ. ಬಿಡು."

"ಬಿಸ್ಮಿಲ್ಲಾ!"

"ಬಿಡ್ರೋ ಹಗ್ಗಾ!"

ಕೀಲಿಕಲ್ಲು ಧಡ್ ಎಂದು ಸದ್ದು ಮಾಡಿ ಕುಳಿತಿತು. ಇಬ್ಬರೂ ಅಂಗೈ ಊರಿಕೊಂಡು ದಂಡೆಗೆ ಹರಿದು ಬಂದರು. ಅವರು ಬಂದು ಮುಟ್ಟುವಷ್ಟರಲ್ಲಿ ಕೆಳಗಿನ ಚೌಕಟ್ಟು ಒಡ್ಡಿನಂತೆ ಮುರಿಯಿತು. ವಾಡಿಯ ತೊಲೆಗಳು ಒಂದರ ಮೇಲೊಂದು ಹೊರಳುತ್ತ ಕಾಗಿಣಾ ಹೊಳೆಯ ಕಡೆ ಹೋದವು.

ಕಮಾನು ಕುಸಿಯಿತು. ಎಲ್ಲರ ಕಣ್ಣೆದುರು ಒಂದು ಬೆರಳಿನಷ್ಟು ಕೆಳಗಿಳಿಯಿತು. ಸಂದುಗಳಿಂದ ಹಸಿ ಗಚ್ಚು ಬಾಯಿಂದ ಹೊರಬಂದ ಅನ್ನದಂತೆ ಉಕ್ಕಿತು. ಅಲ್ಲಿಗೆ ನಿಂತಿತು.

ನೀರಿನ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಆಚೆ ದಂಡೆಯಲ್ಲಿ ಯರಹಾಳದ ಮಂದಿ ಬಂದು ಸಾಲಾಗಿ ನಿಂತಿದ್ದರು. ಅವರಲ್ಲಿ ತಂಗಿಯ ಗಂಡನಿದ್ದಾನೆಯೇ ಎಂದು ಮಡಿವಾಳಯ್ಯ ಹುಡುಕಿದ. ಕಣ್ಣು ಮಂಜಾಗಿತ್ತು, ಗುರುತು ಹತ್ತಲಿಲ್ಲ.

ಇಂಜನೇರ ಸಾಹೇಬ ನೀರು ಇಳಿದ ಮೇಲೆ ಬಂದ. ಕಮಾನಿನ ಮೇಲೆ ಬೂಟಿನಿಂದ ತಟ್ಟಿ, ಕುಸಿದ ಜಾಗವನ್ನು ಬಗ್ಗಿ ನೋಡಿ, "ನಿಲ್ಲುತ್ತದೆ," ಎಂದ. ಆಮೇಲೆ ತೊಲೆಗಳೆಲ್ಲಿ ಎಂದು ಕೇಳಿದ. ಮಡಿವಾಳಯ್ಯ ಹೊಳೆಯ ಕಡೆ ಕೈ ತೋರಿಸಿದ. ಅದೇ ಅವನ ನೌಕರಿಯ ಕೊನೆಯ ದಿನವಾಯಿತು. ಇನ್ನು ಈ ಸೀಮೆಯ ಯಾವ ಗುತ್ತೇದಾರನೂ ಅವನನ್ನು ಇಟ್ಟುಕೊಳ್ಳುವುದಿಲ್ಲ ಎಂಬುದನ್ನೂ ಸಾಹೇಬ ಸಿಟ್ಟಿಲ್ಲದೆ, ಮೆಲ್ಲಗೆ ತಿಳಿಸಿ ಕುದುರೆ ಹತ್ತಿದ.

ತಂಡಗಳೂ ಗಂಟು ಕಟ್ಟಿದವು. ಖಂಡೆಪ್ಪನ ಕತ್ತೆಗಳು ಶಹಾಬಾದದ ದಾರಿ ಹಿಡಿದಾಗ ಬಂದೇಅಲಿ ಹಿಂದಿನಿಂದ ಕೂಗಿ, ಆ ದಿನ ಹಗ್ಗ ಹಿಡಿದವರನ್ನೆಲ್ಲ ಎಣಿಸಿ ಯಾರದು ಯಾರ ಮೇಲೆ ಎಂದು ಜಗಳ ತೆಗೆದ. ಹೋಗುವ ಕತ್ತೆಗಳ ಧೂಳಿನಲ್ಲಿ ಜಗಳ ಸ್ವಲ್ಪ ದೂರ ಕೇಳಿಸಿತು. ಮುಗಿಯಲಿಲ್ಲ.

ಮಡಿವಾಳಯ್ಯ ತನ್ನ ಗಂಟು ಎತ್ತಿಕೊಳ್ಳುವಾಗ ಬಂದೇಅಲಿ ಹತ್ತಿರ ಬಂದ. ಗಾಯ ಕೀವಾಗಿ ಮಡಿವಾಳಯ್ಯನ ಎಡ ಹೆಗಲು ಇನ್ನೂ ಏಳುತ್ತಿರಲಿಲ್ಲ. ಗಂಟನ್ನು ಬಲಗೈಯಲ್ಲೇ ಹಿಡಿದಿದ್ದ. ಸುಣ್ಣದ ವಸ್ತ್ರವನ್ನು ತಿರುಗಿ ಕೊಟ್ಟ.

"ಅಯ್ಯನೋರ, ನಿಮ್ಮದೊಂದು ಆಳು ನನ್ನ ಮ್ಯಾಲ ಅದ."

"ಹೌದಲ್ಲ."

"ಗಾಳಿಗಿ ನಿಮ್ಮ ಹಿತ್ತಲ ಗ್ವಾಡಿ ಬಿದ್ದದಂತ ಕೇಳಿದೆ. ಕರಣಿ ಕೈಯಾಗೇ ಅದ. ನಾಳಿ ಬಂದು ಒಂದು ದಿನದಾಗ ಎಬ್ಬಿಸಿ ಹೋಗ್ತೀನಿ. ತೀರಿಹೋಗ್ತದ."

ಮನೆಯಲ್ಲಿ ಜೋಳದ ಗುಡಾಣದ ತಳ ಕಾಣುತ್ತಿತ್ತು. ಮಳೆ ತಲೆಯ ಮೇಲೆ ಬಂದಿತ್ತು. ಗೋಡೆ ಬೇಕಾಗಿತ್ತು, ಬೊಂಬು ಹೊತ್ತ ಸುದ್ದಿ ಮುಟ್ಟಿದ ಊರಲ್ಲಿ ಈಗ ಅವನಿಗೆ ಗೋಡೆ ಕಟ್ಟಿಕೊಡುವವರು ಯಾರೂ ಇರಲಿಲ್ಲ. ಅವನು ಬಂದೇಅಲಿಯ ಮುಖ ನೋಡಿದ.

"ಅದು ಇರ್ಲಿ ಬಿಡು ಉಸ್ತಾದ," ಎಂದ. "ಅದು ಹಂಗೇ ಇರ್ತದ."

ಬಂದೇಅಲಿ ವಸ್ತ್ರವನ್ನು ಝಾಡಿಸಿ ತಲೆಗೆ ಸುತ್ತಿಕೊಂಡು ಸುಲೇಪೇಟದ ದಾರಿಗೆ ತಿರುಗಿದ. ಮಡಿವಾಳಯ್ಯ ಕಮಾನಿನ ಮೇಲೆ ಕಾಲಿಟ್ಟು, ತಂಗಿಗೆ ಮಣ್ಣು ಕೊಟ್ಟ ಆಚೆಯ ದಂಡೆಗೆ ನಡೆದ.

ಆ ಮಳೆಗಾಲ ಪೂರ್ತಿ ಅವನ ಹಿತ್ತಲ ಗೋಡೆ ಬಿದ್ದೇ ಇತ್ತು.